ಕ್ಯಾಂಡಿಡಾ ಮತ್ತು ಕರುಳಿನ ಪಥ್ಯ: ಶುರು ಮಾಡುವ ಮುನ್ನ, ಶುರು ಮಾಡಿದ ಮೇಲೆ

ಎಲ್ಲರಿಗೂ ನಮಸ್ಕಾರ. ನಾನು ಡಯೆಟಿಷಿಯನ್. ಹೊಟ್ಟೆ, ಕರುಳಿನ ತೊಂದರೆ ಇರುವವರ ಊಟ ನೋಡಿಕೊಳ್ಳುವುದು ನನ್ನ ಕೆಲಸ. ಈ ವಿಷಯ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಹೊಟ್ಟೆ ಸರಿಹೋಗಲಿ ಅಂತ ಪಥ್ಯ ಹಿಡಿದವರು ತಿಂಗಳೊಪ್ಪತ್ತಿನಲ್ಲೇ ಸೊರಗಿ ಹೋಗಿರುತ್ತಾರೆ. ಬಟ್ಟೆ ಸಡಿಲ ಆಗಿರುತ್ತದೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಆದರೂ "ಕ್ಯಾಂಡಿಡಾ (ಮೈಯಲ್ಲಿರುವ ಯೀಸ್ಟ್, ಅಂದರೆ ಒಂದು ಬಗೆಯ ಶಿಲೀಂಧ್ರ) ಇನ್ನೂ ಹೋಗಿಲ್ಲ" ಅಂತ ಇನ್ನೂ ಒಂದೆರಡು ಪದಾರ್ಥ ಬಿಡಲು ಹೊರಟಿರುತ್ತಾರೆ. ಇವರಿಗೆ ಛಲ ಕಡಿಮೆ ಇರುವುದಿಲ್ಲ. ಛಲ ಜಾಸ್ತಿ ಇರುವುದರಿಂದಲೇ ಈ ಸ್ಥಿತಿಗೆ ಬರುತ್ತಾರೆ. ನನಗೆ ಸಂಕಟ ಆಗುವುದು ಅದಕ್ಕೇ.

ಇಂಥವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿ ಇರುತ್ತದೆ. ಒಂದು, ಕರುಳನ್ನು ಗುಣ ಮಾಡುತ್ತದೆ ಅನ್ನುವ ಪಥ್ಯದ್ದು. ಅದರಲ್ಲಿ ಯಾವ ಧಾನ್ಯವೂ ಇಲ್ಲ, ಪಿಷ್ಟ ಇರುವ ಗೆಡ್ಡೆ ಇಲ್ಲ, ಸಕ್ಕರೆ ಇಲ್ಲ, ಹಾಲು ಇಲ್ಲ. ಜೇನುತುಪ್ಪ ಮಾತ್ರ ಇದೆ. ಚೆನ್ನಾಗಿ ಕಳಿತ ಬಾಳೆಹಣ್ಣು ಇದೆ, 24 ಗಂಟೆ ಹೆಪ್ಪು ಹಾಕಿದ ಮೊಸರು ಇದೆ. ಇನ್ನೊಂದು ಕ್ಯಾಂಡಿಡಾ ಪಟ್ಟಿ. ಅದರಲ್ಲಿ ಜೇನುತುಪ್ಪದ ಮೇಲೆ ಗೀಟು, ಬಾಳೆಹಣ್ಣಿನ ಮೇಲೆ ಗೀಟು, ಹುದುಗು ಬಂದದ್ದು, ವಿನೆಗರ್, ಅಣಬೆ ಎಲ್ಲದರ ಮೇಲೂ ಗೀಟು. ಆದರೆ ಮೊದಲ ಪಟ್ಟಿ ಬೇಡ ಅಂದ ಕೆಲವು ಧಾನ್ಯ ಇಲ್ಲಿ ಸರಿ. ಎರಡನ್ನೂ ಒಟ್ಟಿಗೆ ಪಾಲಿಸಲು ಹೋದರೆ ತಟ್ಟೆಯಲ್ಲಿ ಏನು ಉಳಿಯುತ್ತದೆ ನೋಡಿ. ಮಾಂಸದ ತಿಳಿಸಾರು, ಬೇಯಿಸಿದ ಸೊಪ್ಪು ತರಕಾರಿ, ಮೊಟ್ಟೆ, ಒಂದಿಷ್ಟು ಎಣ್ಣೆ. ಹೊಟ್ಟೆಯೇನೋ ತುಂಬಬಹುದು, ಮೈಗೆ ಶಕ್ತಿ ಸಾಲುವುದಿಲ್ಲ.

ಈ ಎರಡು ಪಟ್ಟಿಗಳು ಹುಟ್ಟಿದ್ದೇ ಬೇರೆ ಬೇರೆ ನಂಬಿಕೆಗಳಿಂದ. ಒಂದರ ಪ್ರಕಾರ ಜೀರ್ಣ ಆಗದೆ ಉಳಿದ ಪಿಷ್ಟ ಬ್ಯಾಕ್ಟೀರಿಯಾಗಳಿಗೆ ಮೇವು. ಜೇನಿನಲ್ಲಿರುವ ಸರಳ ಸಕ್ಕರೆ ಬೇಗ ರಕ್ತಕ್ಕೆ ಹೋಗುತ್ತದೆ, ಹಾಗಾಗಿ ಅದು ಪರವಾಗಿಲ್ಲ. ಇನ್ನೊಂದರ ಪ್ರಕಾರ ಯಾವ ಸಿಹಿಯಾದರೂ ಯೀಸ್ಟಿಗೆ ಮೇವೇ. ಒಂದು ಇನ್ನೊಂದನ್ನು ಅಲ್ಲಗಳೆಯುತ್ತದೆ. ಎರಡನ್ನೂ ಸೇರಿಸಿದರೆ ಫಲ ದುಪ್ಪಟ್ಟಾಗುತ್ತದೆ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಮೊದಲು ಕ್ಯಾಂಡಿಡಾ ಅಂದರೇನು ಅಂತ ನೋಡೋಣ. ಅದು ಒಂದು ಯೀಸ್ಟ್. ಆರೋಗ್ಯವಾಗಿರುವ ಬಹಳಷ್ಟು ಜನರ ಬಾಯಲ್ಲಿ, ಕರುಳಿನಲ್ಲಿ, ಯೋನಿಯಲ್ಲಿ ಅದು ಸುಮ್ನೆ ಇದ್ದುಕೊಂಡಿರುತ್ತದೆ. ಸಾಮಾನ್ಯವಾಗಿ ಕಾಣುವ ಜಾತಿ ಕ್ಯಾಂಡಿಡಾ ಆಲ್ಬಿಕನ್ಸ್. ಅದಕ್ಕೆ ಎರಡು ರೂಪ. ಗುಂಡಗೆ ಇರುವಾಗ ಅಷ್ಟಾಗಿ ತಂಟೆ ಇಲ್ಲ. ಸಂದರ್ಭ ಸಿಕ್ಕರೆ ಉದ್ದಕ್ಕೆ ನೂಲಿನ ಹಾಗೆ ಬೆಳೆದು ಪಕ್ಕದ ಜೀವಕೋಶದೊಳಗೆ ನುಗ್ಗುತ್ತದೆ. ಈ ನೂಲಿನ ರೂಪ ಬಿಡುವ ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ವಿಜ್ಞಾನಿಗಳು ಗುರುತಿಸಿದ್ದು 2016ರಲ್ಲಿ. ಅಂದರೆ ಕ್ಯಾಂಡಿಡಾ ಏನೂ ಮಾಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಮೈಯಲ್ಲಿ ಅದು ಇರುವುದು ಒಂದು, ಅದರಿಂದ ಕಾಯಿಲೆ ಬರುವುದು ಇನ್ನೊಂದು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಕಾಯಿಲೆ ಆದಾಗ ಅದು ಕಾಣುತ್ತದೆ. ನಾಲಿಗೆ, ಕೆನ್ನೆಯ ಒಳಭಾಗದಲ್ಲಿ ಬಿಳಿ ಪದರ ಕಟ್ಟುತ್ತದೆ, ಒರೆಸಿದರೆ ಕೆಳಗೆ ಕೆಂಪಗಿರುತ್ತದೆ. ಯೋನಿಯಲ್ಲಿ ಆದರೆ ತುರಿಕೆ, ಉರಿ, ಗಟ್ಟಿ ಬಿಳಿ ಸ್ರಾವ. ನಾಲ್ಕರಲ್ಲಿ ಮೂವರು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ, ನಾಚಿಕೆಪಡುವಂಥದ್ದೇನೂ ಅಲ್ಲ. ಅನ್ನನಾಳಕ್ಕೆ ಹಬ್ಬಿದರೆ ನುಂಗುವಾಗ ನೋವು. ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ, ಆದರೆ ಅದು ಹೆಚ್ಚಾಗಿ ಆಸ್ಪತ್ರೆಯಲ್ಲಿ ಗಂಭೀರ ಸ್ಥಿತಿಯಲ್ಲಿ ಇರುವವರಿಗೆ ಬರುವಂಥದ್ದು. ಇದಕ್ಕೆಲ್ಲ ಪರೀಕ್ಷೆ ಇದೆ, ಔಷಧಿ ಇದೆ. 1950ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಅನ್ನುವ ಇಬ್ಬರು ವಿಜ್ಞಾನಿಗಳು ಜಗತ್ತಿಗೆ ತಿಳಿಸಿದ ನಿಸ್ಟಾಟಿನ್ ಇವತ್ತಿಗೂ ಬಳಕೆಯಲ್ಲಿದೆ. ಬಾಯಿ, ಯೋನಿಯ ಕ್ಯಾಂಡಿಡಾಗೆ ಔಷಧಿ ತೆಗೆದುಕೊಳ್ಳದೆ ಪಥ್ಯದಲ್ಲೇ ಗೆಲ್ಲುತ್ತೇನೆ ಅಂತ ತಿಂಗಳುಗಟ್ಟಲೆ ಉರಿ ಸಹಿಸಿಕೊಳ್ಳಬೇಡಿ.

ಮತ್ತೆ ಮತ್ತೆ ಬರುತ್ತಿದ್ದರೆ ತಟ್ಟೆ ನೋಡುವ ಮೊದಲು ಕಾರಣ ಹುಡುಕಿ. ಈಚೆಗೆ ಆಂಟಿಬಯಾಟಿಕ್ ತಗೊಂಡಿದ್ದೀರಾ? ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸುತ್ತೀರಾ? ಕಟ್ಟಿಸಿದ ಹಲ್ಲಿನ ಸೆಟ್ ರಾತ್ರಿ ತೆಗೆದಿಡುತ್ತೀರಾ? ಶುಗರ್ ಪರೀಕ್ಷೆ ಆಗಿದೆಯಾ? ಒಬ್ಬರ ಬಾಯಿಯ ಬಿಳಿ ಪದರ ಇನ್‌ಹೇಲರ್ ನಂತರ ನೀರು ಮುಕ್ಕಳಿಸಿದರೆ ಹೋಗುವಂತಿದ್ದರೆ, ಅವರು ಹಣ್ಣು ಬಿಟ್ಟು ಏನು ಪ್ರಯೋಜನ? ಇನ್ನೊಂದು ಮಾತು. ಆಲ್ಬಿಕನ್ಸ್ ಬಿಟ್ಟು ಬೇರೆ ಜಾತಿಯ ಕ್ಯಾಂಡಿಡಾ ಇದ್ದರೆ ಮಾಮೂಲಿ ಮಾತ್ರೆಗೆ ಬಗ್ಗದೆ ಇರಬಹುದು. ಅದಕ್ಕೇ ಪದೇ ಪದೇ ಬರುವವರಿಗೆ ಸ್ರಾವದ ಕಲ್ಚರ್ ಪರೀಕ್ಷೆ, ಅಂದರೆ ಅದರಲ್ಲಿರುವ ಸೂಕ್ಷ್ಮಜೀವಿಯನ್ನು ಬೆಳೆಸಿ ನೋಡುವ ಪರೀಕ್ಷೆ ಆಗಲೇಬೇಕು.

ಈಗ ಕಷ್ಟದ ಭಾಗಕ್ಕೆ ಬರೋಣ. ಹೊಟ್ಟೆ ಉಬ್ಬರ, ಗ್ಯಾಸ್, ಸುಸ್ತು, ತಲೆ ಮಂಕು, ಸಿಹಿ ತಿನ್ನುವ ಆಸೆ, ಇದೆಲ್ಲ "ಕರುಳಲ್ಲಿ ಕ್ಯಾಂಡಿಡಾ ಜಾಸ್ತಿ ಆಗಿದೆ" ಅನ್ನುವುದರ ಗುರುತು ಅಂತ ಹೇಳುವವರಿದ್ದಾರೆ. ಈ ಮಾತು ಜೋರಾಗಿ ಹಬ್ಬಿದ್ದು 1980ರ ದಶಕದಲ್ಲಿ. ಇದನ್ನು ಪರೀಕ್ಷೆಗೇ ಒಡ್ಡಿದ ಒಂದು ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಇಂಥ ತೊಂದರೆಗಳಿದ್ದ 42 ಹೆಂಗಸರಿಗೆ ಸರದಿಯ ಮೇಲೆ ನಿಸ್ಟಾಟಿನ್ ಮತ್ತು ಔಷಧಿಯಂತೆ ಕಾಣುವ ಖಾಲಿ ಮಾತ್ರೆ ಕೊಟ್ಟರು. ಯಾವಾಗ ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ, ತಗೊಂಡವರಿಗೂ ಗೊತ್ತಿಲ್ಲ. ಯೋನಿಯ ತೊಂದರೆ ನಿಸ್ಟಾಟಿನ್‌ಗೆ ಚೆನ್ನಾಗಿ ತಗ್ಗಿತು. ಮೈಯ ಉಳಿದ ತೊಂದರೆಗಳೂ ತಗ್ಗಿದವು, ಆದರೆ ಖಾಲಿ ಮಾತ್ರೆಗೂ ಅಷ್ಟೇ ತಗ್ಗಿದವು. ಈ ಕೊನೆಯ ಮಾತನ್ನು ನಾನು ಯಾರನ್ನೂ ಹಂಗಿಸಲು ಹೇಳುತ್ತಿಲ್ಲ. ಆ ಹೆಂಗಸರ ಕಷ್ಟ ನಿಜ, ಸಿಕ್ಕ ಸಮಾಧಾನವೂ ನಿಜ. ಅದಕ್ಕೆ ಕಾರಣ ಯೀಸ್ಟ್ ಅನ್ನುವುದು ಮಾತ್ರ ಸಾಬೀತಾಗಲಿಲ್ಲ.

ಹಾಗಂತ ಕತೆ ಅಲ್ಲಿಗೇ ಮುಗಿದಿಲ್ಲ. ಸಣ್ಣ ಕರುಳಿನಲ್ಲಿ ಶಿಲೀಂಧ್ರ ಅತಿಯಾಗಿ ಬೆಳೆಯುವ ಸ್ಥಿತಿಯೊಂದನ್ನು ಹೊಟ್ಟೆ ತಜ್ಞರು ಈಗ ಗಂಭೀರವಾಗಿ ನೋಡುತ್ತಿದ್ದಾರೆ. ಕಾರಣ ತಿಳಿಯದ ಹೊಟ್ಟೆ ತೊಂದರೆ ಇದ್ದವರನ್ನು ಪರೀಕ್ಷಿಸಿದ ಎರಡು ಅಧ್ಯಯನಗಳಲ್ಲಿ ಸುಮಾರು ಕಾಲು ಭಾಗ ಜನರಿಗೆ ಇದು ಕಂಡಿತು. ಆದರೆ ಅದನ್ನು ಕಂಡುಹಿಡಿಯುವುದು ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ದ್ರವ ಹೀರಿ, ಅದನ್ನು ಕಲ್ಚರ್ ಮಾಡಿದಾಗ. ಲಕ್ಷಣ ಕೇಳಿ ಹೇಳಲು ಆಗುವುದಿಲ್ಲ. ಮಲ ಪರೀಕ್ಷೆಯಲ್ಲಿ ಯೀಸ್ಟ್ ಸಿಕ್ಕಿತು ಅಂದರೂ ಇದು ಸಾಬೀತಾಗುವುದಿಲ್ಲ. ಆರೋಗ್ಯವಂತರ ಮಲದಲ್ಲೂ ಅದು ಸಿಗುತ್ತದೆ.

ಉಗುಳಿನ ಪರೀಕ್ಷೆಯ ಬಗ್ಗೆ ಹೇಳಲೇಬೇಕು, ಯಾಕೆಂದರೆ ಎಷ್ಟೋ ಜನರ ಪಥ್ಯ ಶುರುವಾಗುವುದು ಅಲ್ಲಿಂದ. ಬೆಳಿಗ್ಗೆ ಎದ್ದ ತಕ್ಷಣ, ಬಾಯಿ ತೊಳೆಯದೆ, ಒಂದು ಗಾಜಿನ ಲೋಟದ ನೀರಿಗೆ ಉಗುಳಬೇಕು. ಮೊದಲು ಉಗುಳು ನೊರೆಯ ಹಾಗೆ ಮೇಲೆ ತೇಲುತ್ತದೆ. ಹದಿನೈದು ನಿಮಿಷ ಬಿಟ್ಟು ನೋಡಿದರೆ ಅದರಿಂದ ಬಿಳಿ ಎಳೆಗಳು ಕೆಳಗೆ ಇಳಿದಿರುತ್ತವೆ, ತಳದಲ್ಲಿ ಒಂದಿಷ್ಟು ಮಸುಕು ಕೂತಿರುತ್ತದೆ. ಆ ಎಳೆಯೇ ಕ್ಯಾಂಡಿಡಾ ಅಂತಾರೆ. ಅಲ್ಲ. ಉಗುಳಿನಲ್ಲಿ ಮ್ಯೂಸಿನ್ ಅನ್ನುವ ಲೋಳೆಯ ಪ್ರೋಟೀನ್ ಇದೆ. ರಾತ್ರಿಯಿಡೀ ಬಾಯಿ ಒಣಗಿದಾಗ ಉಗುಳು ಮಂದವಾಗುತ್ತದೆ. ಗುಳ್ಳೆ ಒಡೆದ ಮೇಲೆ ನೀರಿಗಿಂತ ಭಾರವಾದ ಆ ಲೋಳೆ ಎಳೆಎಳೆಯಾಗಿ ಕೆಳಗಿಳಿಯುತ್ತದೆ. ಚೆನ್ನಾಗಿ ನೀರು ಕುಡಿದವರ ಉಗುಳು ತೆಳ್ಳಗಿರುತ್ತದೆ, ಎಳೆಯೂ ಕಡಿಮೆ. ಈ ಲೋಟ ನೋಡಿ ಆರು ತಿಂಗಳ ಊಟ ತೀರ್ಮಾನ ಮಾಡಬೇಡಿ.

ಮುಂದಿನ ಪ್ರಶ್ನೆ, ಸಕ್ಕರೆ ನಿಲ್ಲಿಸಿದರೆ ಯೀಸ್ಟ್ ಉಪವಾಸ ಬಿದ್ದು ಸಾಯುತ್ತದಾ? ಕೇಳಲು ಸರಿ ಅನಿಸುತ್ತದೆ. ಆದರೆ ನಾವು ತಿಂದ ಸಕ್ಕರೆಯ ಬಹುಪಾಲು ಸಣ್ಣ ಕರುಳಿನಲ್ಲೇ ರಕ್ತಕ್ಕೆ ಹೋಗಿಬಿಡುತ್ತದೆ, ದೊಡ್ಡ ಕರುಳಿಗೆ ತಲುಪುವುದು ಕಡಿಮೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 28 ಆರೋಗ್ಯವಂತರಿಗೆ ಜಾಸ್ತಿ ಸಕ್ಕರೆ ಕೊಟ್ಟು ನೋಡಿದರು. ಅವರ ಕರುಳಿನ ಕ್ಯಾಂಡಿಡಾ ಅಷ್ಟೇನೂ ಏರಲಿಲ್ಲ. ಮಧುಮೇಹ ಹಿಡಿತದಲ್ಲಿ ಇಲ್ಲದವರ ಮಾತು ಬೇರೆ. ಅವರ ರಕ್ತ, ಉಗುಳು, ಮೂತ್ರದಲ್ಲೇ ಸಕ್ಕರೆ ಏರಿರುತ್ತದೆ. ಅವರಿಗೆ ಶುಗರ್ ಇಳಿಸುವುದೇ ಕ್ಯಾಂಡಿಡಾಗೂ ಚಿಕಿತ್ಸೆ.

ಸಕ್ಕರೆ ಕಡಿಮೆ ಮಾಡಬೇಡಿ ಅಂತಲ್ಲ. ಮಾಡಿ, ಒಳ್ಳೆಯದೇ. ಆದರೆ ಸಕ್ಕರೆ ಡಬ್ಬಿ ಮುಚ್ಚುವುದಕ್ಕೂ, ಹಣ್ಣು, ಕಾಳು, ಧಾನ್ಯ ಎಲ್ಲವನ್ನೂ ತಿಂಗಳುಗಟ್ಟಲೆ ಬಿಡುವುದಕ್ಕೂ ಬಹಳ ಅಂತರ ಇದೆ. ನಾರಿನಂಶ ತಿಂದು ಬದುಕುವ ಬ್ಯಾಕ್ಟೀರಿಯಾಗಳೇ ಕರುಳಿನಲ್ಲಿ ಕ್ಯಾಂಡಿಡಾ ಎದ್ದೇಳದ ಹಾಗೆ ನೋಡಿಕೊಳ್ಳುವವು. ಆಂಟಿಬಯಾಟಿಕ್ ತಗೊಂಡ ಮೇಲೆ ಕ್ಯಾಂಡಿಡಾ ಏಳುವುದು ಈ ಕಾವಲು ಸಡಿಲವಾಗಿದ್ದರಿಂದ. ಅವುಗಳ ಊಟವನ್ನೇ ಕಿತ್ತುಕೊಂಡು ಕ್ಯಾಂಡಿಡಾ ಹತೋಟಿಗೆ ಬರಲಿ ಅಂತ ಕಾಯುವುದು ನನಗಂತೂ ತಿರುವುಮುರುವಾಗಿ ಕಾಣುತ್ತದೆ.

ಹಾಗಾದರೆ ಕರುಳಿನ ಪಥ್ಯದಿಂದ ಏನೂ ಉಪಯೋಗ ಇಲ್ವಾ? ಇದೆ. ಆದರೆ ಉಪಯೋಗ ಆಯಿತು ಅಂದ ಮಾತ್ರಕ್ಕೆ ಅದರ ಜೊತೆ ಹೇಳುವ ಕಾರಣ ನಿಜ ಆಗುವುದಿಲ್ಲ. ಇದಕ್ಕೆ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ. 1924ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್, ತಿಂದದ್ದು ಮೈಗೆ ಹತ್ತದ ಸೀಲಿಯಾಕ್ ಅನ್ನುವ ಕರುಳಿನ ಕಾಯಿಲೆಯಿಂದ ಬತ್ತಿಹೋಗುತ್ತಿದ್ದ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹಾಕಿದರು. ಬ್ರೆಡ್ಡು, ಧಾನ್ಯ, ಆಲೂಗಡ್ಡೆ ಬಂದ್. ಮಕ್ಕಳು ಚೇತರಿಸಿಕೊಂಡರು. ಪಿಷ್ಟವೇ ಶತ್ರು ಅಂತ ಹಾಸ್ ನಂಬಿದರು. ಇವತ್ತು ಧಾನ್ಯ ಬಿಡಿಸುವ ಕರುಳಿನ ಪಥ್ಯಗಳ ಬೇರು ಅಲ್ಲಿದೆ. ಆದರೆ ನೆದರ್‌ಲ್ಯಾಂಡಿನ ವಿಲೆಮ್ ಡಿಕ್ಕೆ ಅನ್ನುವ ಇನ್ನೊಬ್ಬ ಮಕ್ಕಳ ವೈದ್ಯರಿಗೆ ಬೇರೆಯೇ ಅನುಮಾನ ಇತ್ತು. ಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಬ್ರೆಡ್ಡೇ ಸಿಗದೆ ಹೋದಾಗ ಅವರ ಅನುಮಾನ ಗಟ್ಟಿಯಾಯಿತು. 1950ರ ಪ್ರಬಂಧದಲ್ಲಿ ಅವರು ತೋರಿಸಿದ್ದು ಇಷ್ಟು: ತಪ್ಪು ಎಲ್ಲ ಪಿಷ್ಟದ್ದಲ್ಲ, ಗೋಧಿ ಮತ್ತು ಅದರ ಹತ್ತಿರದ ಧಾನ್ಯಗಳದ್ದು. ಬಾಳೆಹಣ್ಣು ತಿಂದು ಗುಣವಾದೆವು ಅಂದುಕೊಂಡ ಮಕ್ಕಳು ಮತ್ತೆ ಗೋಧಿಗೆ ಮರಳಿದರೆ ಮತ್ತೆ ಕಾಯಿಲೆ ಬೀಳುತ್ತಿದ್ದರು. ಪಥ್ಯ ಫಲ ಕೊಟ್ಟಿತು, ಕಾರಣ ಮಾತ್ರ ತಪ್ಪಾಗಿತ್ತು. ಆ ತಪ್ಪಿಗೆ ಬೆಲೆ ತೆತ್ತವರು ಮಕ್ಕಳು.

ಇವತ್ತೂ ಹಾಗೇ. ಧಾನ್ಯ ಬಿಟ್ಟ ಮೇಲೆ ನಿಮ್ಮ ಹೊಟ್ಟೆ ಹಗುರ ಆಯಿತು ಅಂದರೆ ಯೀಸ್ಟ್ ಸತ್ತಿದೆ ಅಂತಲೇ ಅಲ್ಲ. ಗೋಧಿ, ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಫ್ರಕ್ಟಾನ್ ಅನ್ನುವ ಸಕ್ಕರೆ ಸರಪಳಿ ಬಿಟ್ಟಿದ್ದಕ್ಕೆ ಗ್ಯಾಸ್ ಕಡಿಮೆಯಾಗಿರಬಹುದು. ಹಾಲಿನ ಲ್ಯಾಕ್ಟೋಸ್ ಹೋಗಿದ್ದಕ್ಕಿರಬಹುದು. ಯಾವುದು ಅಂತ ತಿಳಿದರೆ ಅದೊಂದನ್ನೇ ಬಿಟ್ಟು ಉಳಿದಿದ್ದನ್ನೆಲ್ಲ ನೆಮ್ಮದಿಯಾಗಿ ತಿನ್ನಬಹುದಲ್ವಾ? ಪಥ್ಯ ಕಟ್ಟುನಿಟ್ಟಾಗಿದ್ದಷ್ಟೂ ಒಳ್ಳೆಯದು ಅನ್ನುವುದೂ ಸಾಬೀತಾಗಿಲ್ಲ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ರೋನ್ಸ್ ಅನ್ನುವ ಕರುಳಿನ ಉರಿಯೂತದ ಕಾಯಿಲೆ ಇದ್ದ 194 ಜನರಲ್ಲಿ ಕೆಲವರಿಗೆ ಧಾನ್ಯವಿಲ್ಲದ ಕಟ್ಟುನಿಟ್ಟಿನ ಪಥ್ಯ, ಉಳಿದವರಿಗೆ ಕಾಳು, ಹಣ್ಣು, ಧಾನ್ಯ, ಆಲಿವ್ ಎಣ್ಣೆ ಇರುವ ಮೆಡಿಟರೇನಿಯನ್ ಊಟ ಕೊಟ್ಟರು. ಆರು ವಾರಕ್ಕೆ ಲಕ್ಷಣ ತಗ್ಗಿದ್ದು ಮೊದಲ ಗುಂಪಿನಲ್ಲಿ 46.5%, ಎರಡನೆಯದರಲ್ಲಿ 43.5%. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ನನಗೆ ಅತಿ ಮುಖ್ಯ ಅನಿಸುವ ವಿಷಯ ಪಥ್ಯದ ಮೊದಲ ವಾರದ್ದು. ಎರಡನೇ ದಿನ ತಲೆನೋವು ಶುರು. ಮೂರನೇ ದಿನ ಮೈಕೈ ನೋವು, ಸಿಟ್ಟು, ರಾತ್ರಿ ಕಾಲಿನ ಮೀನಖಂಡ ಹಿಡಿದುಕೊಳ್ಳುವುದು, ಎದ್ದರೆ ಕಣ್ಣು ಕತ್ತಲೆ. ಯಾರಿಗಾದರೂ ಹೇಳಿದರೆ ಸಿಗುವ ಉತ್ತರ, "ಒಳ್ಳೇದೇ ಆಯ್ತು, ಯೀಸ್ಟ್ ಸಾಯ್ತಾ ಇದೆ, ವಿಷ ಹೊರಗೆ ಬರ್ತಿದೆ, ತಡ್ಕೊಳಿ." ಈ ಒಂದು ಮಾತಿನಿಂದ ಆಗುವಷ್ಟು ಹಾನಿ ಪಥ್ಯದಿಂದಲೂ ಆಗುವುದಿಲ್ಲ. ಇದನ್ನು ನಂಬಿದರೆ ಸುಧಾರಿಸಿದರೂ ಪಥ್ಯ ಸರಿ, ಹದಗೆಟ್ಟರೂ ಪಥ್ಯ ಸರಿ. ನಿಲ್ಲಿಸು ಅಂತ ಮೈ ಹೇಳಿದರೂ ಕೇಳಿಸಿಕೊಳ್ಳುವವರು ಇರುವುದಿಲ್ಲ.

ಸೂಕ್ಷ್ಮಜೀವಿ ಸಾಯುವಾಗ ಜ್ವರ ಬರುವುದು ನಿಜವಾದ ಸಂಗತಿಯೇ. ಯಾರಿಷ್ ಅನ್ನುವ ವೈದ್ಯರು 1895ರಲ್ಲಿ, ಹರ್ಕ್ಸ್‌ಹೈಮರ್ 1902ರಲ್ಲಿ ಸಿಫಿಲಿಸ್ ರೋಗಿಗಳಲ್ಲಿ ಅದನ್ನು ಕಂಡು ಬರೆದಿಟ್ಟರು. ಚಿಕಿತ್ಸೆ ಶುರುವಾದ ಕೆಲವೇ ಗಂಟೆಗಳಲ್ಲಿ ಚಳಿ, ಜ್ವರ, ಮೈನೋವು ಬಂದು ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಅದು ಸ್ಪೈರೋಕೀಟ್ ಅನ್ನುವ ಬ್ಯಾಕ್ಟೀರಿಯಾಗಳಿಗೆ ಬಲವಾದ ಔಷಧಿ ಕೊಟ್ಟಾಗ ಆಗುವುದು. ಊಟ ಬದಲಿಸಿದ್ದಕ್ಕೆ ಕರುಳಿನ ಯೀಸ್ಟ್ ಸತ್ತು ವಾರಗಟ್ಟಲೆ ಹೀಗಾಗುತ್ತದೆ ಅನ್ನುವುದನ್ನು ಯಾರೂ ತೋರಿಸಿಲ್ಲ.

ಆ ತಲೆನೋವು, ಸುಸ್ತಿಗೆ ಹತ್ತಿರದ ಕಾರಣಗಳೇ ಇವೆ. ಪಿಷ್ಟ, ಸಕ್ಕರೆ ಒಮ್ಮೆಗೇ ನಿಂತಾಗ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟಿದ್ದ ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನು ಖಾಲಿಯಾಗುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ಅದೂ ಹೋಗುತ್ತದೆ. ಮೊದಲ ವಾರ ತೂಕ ಸರ್ರನೆ ಇಳಿಯುವುದು ಹೆಚ್ಚಾಗಿ ಈ ನೀರಿನಿಂದ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಉಪ್ಪನ್ನು ಹೊರಗೆ ಬಿಡುತ್ತದೆ. ಉಪ್ಪು, ನೀರು ಎರಡೂ ಹೋದರೆ ತಲೆ ಸುತ್ತದೆ ಇನ್ನೇನು? ಜೊತೆಗೆ ಕಾಫಿ ಬಿಟ್ಟಿದ್ದರೆ ಅದರ ತಲೆನೋವು ಬೇರೆ. ಅದು 12ರಿಂದ 24 ಗಂಟೆಯೊಳಗೆ ಶುರುವಾಗಿ, ಒಂದೆರಡು ದಿನಕ್ಕೆ ಜೋರಾಗಿ, ಕೆಲವರಿಗೆ ಒಂಬತ್ತು ದಿನದವರೆಗೂ ಇರುತ್ತದೆ. ನಾರು ಕಡಿಮೆಯಾಗಿ ಮಲಬದ್ಧತೆ. ಎಣ್ಣೆ, ಕೊಬ್ಬು ಏಕ್‌ದಂ ಜಾಸ್ತಿಯಾಗಿ ಕೆಲವರಿಗೆ ಭೇದಿ. ಕ್ಯಾಂಡಿಡಾ ಕೊಲ್ಲುತ್ತದೆ ಅಂತ ತಗೊಳ್ಳುವ ಕ್ಯಾಪ್ರಿಲಿಕ್ ಆಸಿಡ್ ಮಾತ್ರೆಯೂ ಹೊಟ್ಟೆ ಕೆಡಿಸುತ್ತದೆ. ಇನ್ನು ಕೆಲವರಿಗೆ ತುಂಬಾ ಹೊತ್ತು ಕುದಿಸಿದ ಸಾರು, ಹುದುಗಿದ ಪದಾರ್ಥಗಳಲ್ಲಿರುವ ಹಿಸ್ಟಮಿನ್ ಅನ್ನುವ ರಾಸಾಯನಿಕ ಆಗದೆ ಮುಖ ಕೆಂಪಾಗುವುದು, ತಲೆನೋವು ಬರುವುದು ಉಂಟು.

ಇದರಲ್ಲಿ ಒಳ್ಳೆಯ ಸುದ್ದಿ ಏನೆಂದರೆ, ಪ್ರತಿಯೊಂದಕ್ಕೂ ಏನಾದರೂ ಮಾಡಬಹುದು. ಸಾರಿಗೆ ಉಪ್ಪು ಹಾಕಿಕೊಳ್ಳಿ, ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ. ಕಾಫಿ ಬಿಡುವುದಿದ್ದರೆ ಪಥ್ಯಕ್ಕೆ ಒಂದೆರಡು ವಾರ ಮೊದಲೇ ನಿಧಾನವಾಗಿ ಕಡಿಮೆ ಮಾಡಿ. ಧಾನ್ಯವನ್ನು ಒಂದೇ ದಿನಕ್ಕೆ ಶೂನ್ಯ ಮಾಡಬೇಡಿ, ಕೆಲವು ದಿನ ತಗೊಂಡು ಇಳಿಸಿ. ಹೀಗೆ ಮಾಡಿದ ಮೇಲೂ ಒಂದು ವಾರ ದಾಟಿ ಸುಸ್ತು ಹೆಚ್ಚುತ್ತಲೇ ಇದ್ದರೆ ಪಥ್ಯ ಸಡಿಲಿಸಿ. ಜ್ವರ, ನಿಲ್ಲದ ವಾಂತಿ, ಎದೆ ಡವಗುಟ್ಟುವುದು, ಮೂರ್ಛೆ, ಇವಕ್ಕೆ ಕಾಯುವ ಪ್ರಶ್ನೆಯೇ ಇಲ್ಲ. ಆವತ್ತೇ ಡಾಕ್ಟರ ಹತ್ತಿರ ಹೋಗಿ.

ಶುರು ಮಾಡುವ ಮುನ್ನ ಆಗಲೇಬೇಕಾದ ಕೆಲಸ ಎರಡು. ಒಂದು, ಸೀಲಿಯಾಕ್ ಕಾಯಿಲೆಯ ರಕ್ತ ಪರೀಕ್ಷೆ, ಟಿಟಿಜಿ ಐಜಿಎ ಅಂತಾರೆ. ಇದನ್ನು ಗ್ಲುಟೆನ್ (ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್) ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟು ಕೆಲವು ತಿಂಗಳಾದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಆಗ ಪರೀಕ್ಷೆಗೋಸ್ಕರ ಮತ್ತೆ ಕನಿಷ್ಠ ಆರು ವಾರ ದಿನವೂ ಗ್ಲುಟೆನ್ ತಿನ್ನಬೇಕಾಗುತ್ತದೆ. ಬಿಟ್ಟು ಹಗುರಾದ ಹೊಟ್ಟೆಗೆ ಅದನ್ನು ಮತ್ತೆ ಹಾಕುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಮಲದಲ್ಲಿ ರಕ್ತ, ತಾನಾಗಿ ಇಳಿಯುವ ತೂಕ, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ನುಂಗಲು ಕಷ್ಟ, ಇವುಗಳಲ್ಲಿ ಯಾವುದಿದ್ದರೂ ಪಥ್ಯಕ್ಕಿಂತ ತಪಾಸಣೆ ಮೊದಲು.

ಎರಡು, ನೀವು ತಗೊಳ್ಳುತ್ತಿರುವ ಮಾತ್ರೆಗಳ ಪಟ್ಟಿ. ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳುತ್ತೇನೆ. ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ಅನ್ನುವ ಮಧುಮೇಹದ ಮಾತ್ರೆಗಳಿವೆ. ಅವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ, ಹಾಗಾಗಿ ಗುಪ್ತಾಂಗದಲ್ಲಿ ಕ್ಯಾಂಡಿಡಾ ಬರುವುದು ಇವುಗಳ ಗೊತ್ತಿರುವ ಅಡ್ಡಪರಿಣಾಮ. ಈಗ ಯೋಚಿಸಿ. ಇದನ್ನು ತಗೊಳ್ಳುವವರಿಗೆ ತುರಿಕೆ ಬಂತು. ಕ್ಯಾಂಡಿಡಾ ಅಂತ ಗೊತ್ತಾಯಿತು. ಮಾತ್ರೆಯ ಮೇಲೆ ಅನುಮಾನ ಬರದೆ ಪಿಷ್ಟವನ್ನೆಲ್ಲ ಬಿಟ್ಟರು. ಆದರೆ ಈ ಮಾತ್ರೆಯ ಜೊತೆ ಪಿಷ್ಟ ತೀರಾ ಕಡಿಮೆಯಾದರೆ ಕೀಟೋಆಸಿಡೋಸಿಸ್ ಆಗುವ ಅಪಾಯ ಇದೆ. ರಕ್ತದ ಸಕ್ಕರೆ ಹೆಚ್ಚುಕಡಿಮೆ ಸರಿಯಾಗೇ ಕಾಣುತ್ತಿರುತ್ತದೆ, ಒಳಗೆ ರಕ್ತ ಆಮ್ಲೀಯವಾಗುತ್ತಿರುತ್ತದೆ. ವಾಕರಿಕೆ, ಹೊಟ್ಟೆನೋವು, ವಿಪರೀತ ಸುಸ್ತು ಬಂದಾಗ "ಯೀಸ್ಟ್ ಸಾಯ್ತಿದೆ" ಅಂತ ಮನೆಯಲ್ಲಿ ಮಲಗಿದರೆ ಏನಾಗಬಹುದು ಅಂತ ನೀವೇ ಊಹಿಸಿ. ಇನ್ಸುಲಿನ್ ತಗೊಳ್ಳುವವರಿಗೆ ಇನ್ನೊಂದು ಅಪಾಯ, ಪಿಷ್ಟ ಬಿಟ್ಟು ಡೋಸ್ ಹಾಗೇ ಇಟ್ಟರೆ ಶುಗರ್ ಕುಸಿಯುತ್ತದೆ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರಿಗೆ ಕ್ಯಾಂಡಿಡಾಗೆ ಕೊಡುವ ಫ್ಲುಕೊನಜೋಲ್ ಮಾತ್ರೆ ಸೇರಿದರೆ ರಕ್ತಸ್ರಾವದ ಭಯ ಇದೆ. ಯಾರದೋ ಮನೆಯಲ್ಲಿ ಉಳಿದ ಮಾತ್ರೆ ತಗೊಂಡು ನುಂಗುವಂಥದ್ದಲ್ಲ ಅದು.

ಇಷ್ಟಾದ ಮೇಲೂ ಪಥ್ಯ ಮಾಡಬೇಕು ಅನಿಸಿದರೆ ಮಾಡಿ, ನಾನೇ ಜೊತೆಗಿದ್ದು ಮಾಡಿಸುತ್ತೇನೆ. ಎರಡು ಪಟ್ಟಿಯಲ್ಲಿ ಒಂದನ್ನು ಮಾತ್ರ ಆರಿಸಿ. ಕ್ಯಾಂಡಿಡಾ ಪರೀಕ್ಷೆಯಲ್ಲಿ ಖಚಿತವಾಗಿದ್ದರೆ ಅದನ್ನು ಔಷಧಿಗೆ ಬಿಡಿ. ಪಥ್ಯವನ್ನು ಹೊಟ್ಟೆಯ ಲಕ್ಷಣಗಳಿಗೆ ಇಟ್ಟುಕೊಳ್ಳಿ. ಶುರು ಮಾಡುವ ದಿನವೇ ಮುಗಿಸುವ ದಿನವನ್ನೂ ಬರೆದಿಡಿ. ನಾನು ನಾಲ್ಕು ವಾರ ಅಂತೀನಿ, ಆರು ವಾರ ದಾಟಿಸುವುದಿಲ್ಲ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ, ಗ್ಯಾಸ್ ಹುಟ್ಟಿಸುವ ಕೆಲವು ಸಕ್ಕರೆಗಳನ್ನು ಕಡಿಮೆ ಮಾಡುವ ಲೋ ಫಾಡ್‌ಮ್ಯಾಪ್ ಪಥ್ಯದಲ್ಲೂ ಬಿಡುವ ಹಂತ ಎರಡರಿಂದ ಆರು ವಾರ ಅಷ್ಟೇ. ಆಮೇಲೆ ಒಂದೊಂದೇ ಪದಾರ್ಥ ಮರಳಿ ತರುವುದು ಆ ಪಥ್ಯದ ಅರ್ಧ ಭಾಗ. ನನಗೆ ಆ ಪಥ್ಯ ಇಷ್ಟ ಆಗುವುದೂ ಅದಕ್ಕೇ.

ಪಥ್ಯದಲ್ಲಿರುವಾಗ ಮೂರು ಹೊತ್ತಿನ ಊಟದಲ್ಲೂ ಪ್ರೋಟೀನ್, ಕೊಬ್ಬು ಇರಲಿ, ಹೊಟ್ಟೆ ತುಂಬುವಷ್ಟಿರಲಿ. ವಾರಕ್ಕೊಮ್ಮೆ ತೂಕ ನೋಡಿ. ಎರಡನೇ ವಾರವೂ ಇಳಿಯುತ್ತಿದ್ದರೆ, ಇಳಿಸುವುದು ನಿಮ್ಮ ಉದ್ದೇಶ ಅಲ್ಲದಿದ್ದರೆ, ಊಟ ಸಾಲುತ್ತಿಲ್ಲ ಅಂತ. ಒಂದು ನೋಟ್‌ಬುಕ್ಕಿನಲ್ಲಿ ತಿಂದಿದ್ದು, ಹೊಟ್ಟೆಯ ಸ್ಥಿತಿ, ನಿದ್ದೆ ಬರೆಯಿರಿ. ನಿದ್ದೆ ಯಾಕೆ ಅಂದರೆ, ಊಟಕ್ಕೆ ಹೊರಿಸುವ ಎಷ್ಟೋ ತಪ್ಪು ನಿದ್ದೆಗೆಟ್ಟ ರಾತ್ರಿಯದ್ದಾಗಿರುತ್ತದೆ.

ಇದು ನಾನು ಒಂದು ಸಭೆಯಲ್ಲಿ ಆಡಿದ ಮಾತು. ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಓರೆಗಾನೊ ಎಣ್ಣೆ, ಬರ್ಬೆರಿನ್ (ಕೆಲವು ಗಿಡಗಳಿಂದ ತೆಗೆಯುವ ಪದಾರ್ಥ), ಕೊಬ್ಬರಿ ಎಣ್ಣೆ ಕ್ಯಾಂಡಿಡಾ ಕೊಲ್ಲುತ್ತವಾ ಅಂತ ಒಬ್ಬರು ಕೇಳಿದರು. ಪ್ರಯೋಗಾಲಯದ ತಟ್ಟೆಯಲ್ಲಿ ಕೊಲ್ಲುತ್ತವೆ. ಕೊಬ್ಬರಿ ಎಣ್ಣೆ ತಿಂದ ಇಲಿಗಳ ಕರುಳಿನಲ್ಲಿ ಕ್ಯಾಂಡಿಡಾ ಕಡಿಮೆಯಾಗಿದ್ದನ್ನು 2016ರಲ್ಲಿ ತೋರಿಸಿದ್ದಾರೆ. ಮನುಷ್ಯರ ಕರುಳಿನ ಕ್ಯಾಂಡಿಡಾಗೆ ಇವು ಚಿಕಿತ್ಸೆ ಅಂತ ಸಾಬೀತಾಗಿಲ್ಲ. ಅಡುಗೆಗೆ ಕೊಬ್ಬರಿ ಎಣ್ಣೆ ಬಳಸುವುದಿದ್ದರೆ ಬಳಸಿ. ಬರ್ಬೆರಿನ್ ಮಾತ್ರ ಬಸುರಿಯರು, ಹಾಲೂಡಿಸುವವರು ಮುಟ್ಟಬಾರದು, ಮಗುವಿನ ಕಾಮಾಲೆ ಹೆಚ್ಚುವ ಅಪಾಯ ಇದೆ. ಬಸುರಿಯರು ಫ್ಲುಕೊನಜೋಲ್ ಮಾತ್ರೆಯನ್ನೂ ತಾವಾಗಿ ತಗೊಳ್ಳಬಾರದು. ಅವರಿಗೆ ಹಚ್ಚುವ, ಒಳಗಿಡುವ ಔಷಧಿ ಇದೆ.

ಪ್ರೋಬಯಾಟಿಕ್, ಅಂದರೆ ಒಳ್ಳೆಯದು ಅಂತ ತಿನ್ನುವ ಜೀವಂತ ಸೂಕ್ಷ್ಮಜೀವಿಗಳ ಬಗ್ಗೆ ಕೇಳಿದರು. ಮೊಸರು ಆಗುವವರು ತಿನ್ನಿ. ಮಾತ್ರೆಗಳಲ್ಲಿ ಸ್ಯಾಕರೊಮೈಸಿಸ್ ಬೌಲಾರ್ಡಿ ಅನ್ನುವುದು ಸ್ವತಃ ಒಂದು ಯೀಸ್ಟ್. ಬಹಳ ಜನರಿಗೆ ತೊಂದರೆ ಇಲ್ಲ. ಆದರೆ ರೋಗನಿರೋಧಕ ಶಕ್ತಿ ಕುಗ್ಗಿರುವವರಿಗೆ, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿರುವವರಿಗೆ ಅದು ರಕ್ತಕ್ಕೆ ಸೇರಿದ ಪ್ರಕರಣಗಳಿವೆ. ಅಂಥವರಿಗೆ ಅದು ಬೇಡ.

ಮಗನಿಗೆ ಈ ಪಥ್ಯ ಮಾಡಿಸಬಹುದಾ ಅಂತ ಒಬ್ಬ ತಾಯಿ ಕೇಳಿದರು. ಬೆಳೆಯುವ ಮಗುವಿಗೆ ಧಾನ್ಯ, ಹಾಲು, ಹಣ್ಣು ಮೂರೂ ಒಟ್ಟಿಗೆ ಬಿಡಿಸುವುದನ್ನು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಮಕ್ಕಳ ಡಾಕ್ಟರು ಮತ್ತು ಡಯೆಟಿಷಿಯನ್ ಇಬ್ಬರೂ ಎತ್ತರ, ತೂಕದ ಲೆಕ್ಕ ಇಟ್ಟುಕೊಂಡು ಮಾಡಿಸಬೇಕಾದ ಕೆಲಸ ಅದು. ತಿನ್ನಲು ಹೆದರುವ ಮಗುವನ್ನು ಮತ್ತೆ ಊಟಕ್ಕೆ ತರುವುದು ಹೊಟ್ಟೆ ಉಬ್ಬರಕ್ಕಿಂತ ದೊಡ್ಡ ಕಷ್ಟ.

ಆಗಲೇ ತಿಂಗಳುಗಳಿಂದ ಪಥ್ಯದಲ್ಲಿದ್ದೇನೆ, ಹೊರಗೆ ಬರುವುದು ಹೇಗೆ ಅಂತ ಕೇಳಿದವರಿಗೆ ಹೇಳಿದ್ದು ಇದು. ಒಂದು ಸಲಕ್ಕೆ ಒಂದೇ ಪದಾರ್ಥ. ಮೊದಲ ದಿನ ಒಂದೆರಡು ಚಮಚ, ಮರುದಿನ ಅದರ ಎರಡರಷ್ಟು, ಮೂರನೇ ದಿನ ಊಟದಲ್ಲಿ ಮಾಮೂಲಿಯಾಗಿ ತಿನ್ನುವಷ್ಟು. ಆಮೇಲೆ ಎರಡು ದಿನ ಬಿಟ್ಟು ಮುಂದಿನದು. ಒಂದಿಷ್ಟು ಗ್ಯಾಸ್ ಆದರೆ ಹೆದರಬೇಡಿ, ಬಹಳ ದಿನದ ಮೇಲೆ ನಾರು ಸಿಕ್ಕಾಗ ಕರುಳು ಹಾಗೆ ಮಾಡುತ್ತದೆ. ಜೋರು ನೋವು, ಭೇದಿ ಆದರೆ ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ನೋಡಿ, ಕೆಲವು ವಾರದ ಮೇಲೆ ಮತ್ತೆ ಪ್ರಯತ್ನಿಸಿ. ನೀವು ಅತಿ ಹೆಚ್ಚು ನೆನೆಸಿಕೊಳ್ಳುತ್ತಿರುವ ಪದಾರ್ಥದಿಂದಲೇ ಶುರು ಮಾಡಿ, ಉತ್ಸಾಹ ಬರುತ್ತದೆ. ಆದರೆ ತೂಕ ತುಂಬಾ ಇಳ್ಕೊಂಡಿದ್ದರೆ, ಅಥವಾ ಹತ್ತು ದಿನಕ್ಕೂ ಮೀರಿ ಹೆಚ್ಚುಕಡಿಮೆ ಏನೂ ತಿನ್ನದೆ ಇದ್ದಿದ್ದರೆ, ಒಮ್ಮೆಗೇ ಹೊಟ್ಟೆ ತುಂಬ ಉಣ್ಣಬೇಡಿ. ಆಗ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೊದಲು ಡಾಕ್ಟರ ಹತ್ತಿರ ಹೋಗಿ ಈ ಮೂರನ್ನೂ ಪರೀಕ್ಷೆ ಮಾಡಿಸಿ, ಥಯಾಮಿನ್ (ಬಿ1 ವಿಟಮಿನ್) ಬೇಕಾ ಅಂತ ಕೇಳಿ, ಅವರು ಹೇಳಿದ ಅಳತೆಯಲ್ಲಿ ಊಟ ಹೆಚ್ಚಿಸಿ.